ಘಟಿಕೋತ್ಸವದ ಉಡುಪು: ಹುಣಸೂರು ಸೀಮೆಯಿಂದ ಒಂದು ವಿಮರ್ಶೆ

ಪದವಿಯನ್ನು ಪಡೆಯುವ ದಿನ ನಮ್ಮ ವಿದ್ಯಾರ್ಥಿಯು ಮೂರು ಬೇರೆ ಬೇರೆ ಕಾಲದೇಶಗಳಿಗೆ ಸೇರಿದ ಮಾತುಗಳ ನಡುವೆ ನಿಂತಿರುವನು. ಸಮಾರಂಭದ ಹೆಸರು ಘಟಿಕೋತ್ಸವ. ಅದು ಶಾಸನಗಳ ಕಾಲದ ಘಟಿಕಾಸ್ಥಾನವನ್ನು ನೆನಪಿಗೆ ತರುವುದು. ಆತನಿಗೆ ಸಲ್ಲುವ ಹೆಸರು ಸ್ನಾತಕ. ಅದು ಗೃಹ್ಯಸೂತ್ರಗಳಿಂದ ಬಂದ ಮಾತು. ಆತನ ಮೈಮೇಲಿರುವುದು ಗೌನು. ಅದು ಯೂರೋಪಿನ ಮಧ್ಯಯುಗದ ಪಾದ್ರಿಗಳ ಉಡುಪು. ಈ ಮೂರೂ ಒಂದೇ ಅರ್ಥವನ್ನು ಹೇಳುತ್ತವೆಂದು ನಾವು ಭಾವಿಸಿಕೊಂಡು ಬಂದಿದ್ದೇವೆ. ಅವು ಒಂದೇ ಅರ್ಥವನ್ನು ಹೇಳುವುದಿಲ್ಲವೆಂಬುದು ಪ್ರಕೃತ ಲೇಖನದ ವಾದ. ಗೌನನ್ನು ಬಿಡಬೇಕೆ, ಉಳಿಸಿಕೊಳ್ಳಬೇಕೆ ಎಂದು ಈಚಿನ ವರ್ಷಗಳಲ್ಲಿ ನಡೆದಿರುವ ಚರ್ಚೆಯು ಬಟ್ಟೆಯ ಚರ್ಚೆಯಾಗಿಯೇ ನಿಂತುಹೋಗಿರುವುದಕ್ಕೆ ಈ ಭೇದವನ್ನು ಗಮನಿಸದಿರುವುದೇ ಕಾರಣವೆಂದು ತೋರುತ್ತದೆ.

ಈ ವಿಷಯವನ್ನು ಮೈಸೂರು ಜಿಲ್ಲೆಯ ಪಶ್ಚಿಮಭಾಗದ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ನೋಡುವುದಕ್ಕೆ ಕಾರಣವಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವು ವಿದ್ಯಾಪೀಠಗಳಿಗೆ ಹೆಸರಾದ ಸೀಮೆಗಳಲ್ಲ. ವಿಶ್ವವಿದ್ಯಾನಿಲಯವು ಮೈಸೂರಿನಲ್ಲಿದೆ, ಇಲ್ಲಿಂದ ಅಲ್ಲಿಗೆ ಹೋಗಿ ಬರುವವರಿದ್ದಾರೆ. ಹೋಗಿ ಬರುವುದೆಂಬ ಈ ಸಾಮಾನ್ಯ ಸಂಗತಿಯೇ ನಮ್ಮ ವಿಷಯದ ತಿರುಳೆಂಬುದು ಮುಂದೆ ತಿಳಿಯುವುದು.

ಮೊದಲು ಗೌನಿನ ಪೂರ್ವೋತ್ತರ. ಪ್ಯಾರಿಸ್, ಬೊಲೋನ್ಯ, ಆಕ್ಸ್‌ಫರ್ಡ್ ಮುಂತಾದ ಕಡೆಗಳಲ್ಲಿ ವಿದ್ಯಾಸಂಘಗಳು ರೂಪುಗೊಂಡಾಗ, ಉತ್ತರದ ಪ್ರಾಂತಗಳಲ್ಲಂತೂ, ಅಲ್ಲಿ ಓದುತ್ತಿದ್ದವರನ್ನು ಪಾದ್ರಿವರ್ಗಕ್ಕೆ ಸೇರಿದವರೆಂದೇ ಎಣಿಸುತ್ತಿದ್ದರು. ಅವರು ತೊಡುತ್ತಿದ್ದ ಉದ್ದನೆಯ ದಪ್ಪ ನಿಲುವಂಗಿಯು ಉತ್ಸವದ ಉಡುಪಾಗಿರಲಿಲ್ಲ. ಬೆಂಕಿಯಿಲ್ಲದ ಕಲ್ಲಿನ ಕಟ್ಟಡಗಳಲ್ಲಿ ಚಳಿಯನ್ನು ತಡೆಯುವ ನಿತ್ಯದ ಹೊದಿಕೆಯಾಗಿತ್ತು. 1222ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ಧರ್ಮಸಭೆಯು ಸ್ಟೀಫನ್ ಲ್ಯಾಂಗ್ಟನ್ನನ ಅಧ್ಯಕ್ಷತೆಯಲ್ಲಿ ಪಾದ್ರಿಗಳಿಗೆ ಮುಂಭಾಗ ಮುಚ್ಚಿದ ನಿಲುವಂಗಿಯನ್ನು ವಿಧಿಸಿತು. ಮುಂದೆ ಹೊರಗಿನ ಜನರ ಉಡುಪು ಬದಲಾಯಿಸಿದರೂ ವಿದ್ಯಾಸಂಘಗಳು ತಮ್ಮದನ್ನು ಬಿಡಲಿಲ್ಲ. 1636ರಲ್ಲಿ ಆರ್ಚ್‌ಬಿಷಪ್ ಲಾಡ್ ಆಕ್ಸ್‌ಫರ್ಡಿಗೆ ಕಟ್ಟಿಕೊಟ್ಟ ನಿಯಮಾವಳಿಯಲ್ಲಿ ಉಡುಪಿನ ವಿಷಯವೂ ಸೇರಿತು. ಹೀಗೆ ಬೇರೆಯವರು ಬಿಟ್ಟ ಬಟ್ಟೆಯನ್ನು ತಾವು ಬಿಡದೆ ಇದ್ದುದರಿಂದಲೇ ಅದು ವಿದ್ವಾಂಸರ ಗುರುತಾಯಿತು. ಪಾದ್ರಿಗಳ ಮೆತ್ತನೆಯ ಟೊಪ್ಪಿಗೆಯೇ ಗಟ್ಟಿಯಾಗಿ, ಚಪ್ಪಟೆಯಾಗಿ, ಇಂದಿನ ಚೌಕದ ಹಲಗೆಯ ಟೋಪಿಯಾಯಿತು.

ಹುಡ್ ಎಂಬುದರ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಈಗ ಅದು ಬೆನ್ನಮೇಲೆ ಇಳಿಬಿಟ್ಟ ಬಣ್ಣದ ಪಟ್ಟಿಯಂತೆ ಕಾಣುತ್ತದೆ. ಏಕೆ ಇದೆಯೆಂದು ತೊಟ್ಟವರಿಗೇ ಗೊತ್ತಿರುವುದಿಲ್ಲ. ಮೂಲದಲ್ಲಿ ಅದು ಮಳೆಗಾಳಿಗೆ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ ಕುಂಚಿಗೆ. ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೆ ಕಟ್ಟುವ ಕುಂಚಿಗೆಯನ್ನು ಕಂಡವರಿಗೆ ಅದರ ಆಕಾರವನ್ನು ವರ್ಣಿಸಬೇಕಾಗಿಲ್ಲ. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಮುಂಗಾರಿನ ದಿನ ಹುಣಸೂರಿನ ಕಡೆಯ ಹೊಲಗಳನ್ನು ನೆನೆದರೆ ಸಾಕು. ಕರಿಯ ಕಂಬಳಿಯನ್ನು ಒಂದು ಮೂಲೆಗೆ ಮಡಿಸಿ ಕೊಪ್ಪೆಯಾಗಿ ತಲೆಯಮೇಲೆ ಹಾಕಿಕೊಂಡು, ಉಳಿದುದನ್ನು ಬೆನ್ನಮೇಲೆ ಇಳಿಬಿಟ್ಟು ನಿಂತ ಕುರಿಗಾಹಿಯು ಹದಿಮೂರನೆಯ ಶತಮಾನದ ಆಕ್ಸ್‌ಫರ್ಡಿನ ವಿದ್ಯಾರ್ಥಿಗೆ ಉಡುಪಿನಲ್ಲಿ ದೂರದವನಲ್ಲ. ಇಬ್ಬರದೂ ಉಣ್ಣೆಯ ಹೊದಿಕೆ, ಇಬ್ಬರಿಗೂ ತಲೆಯ ಮೇಲೆ ಅದೇ ಹೊದಿಕೆಯ ತುದಿ, ಇಬ್ಬರಿಗೂ ಶತ್ರು ಮಳೆ ಮತ್ತು ಚಳಿ.

ಹುಣಸೂರು ಕಂಬಳಿಗೆ ಹೆಸರಾಗಿದ್ದ ಊರೆಂಬುದನ್ನು ಇಲ್ಲಿ ನೆನೆಯಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಮೃತಮಹಲ್ ದನಗಳ ಮುಖ್ಯ ಠಾಣ್ಯವಾಗಿತ್ತು. ಸೈನ್ಯದ ಸರಬರಾಜಿಗಾಗಿ ಅಲ್ಲಿ ಸರ್ಕಾರದ ತೊಗಲು ಹದಮಾಡುವ ಕಾರ್ಖಾನೆಯೂ ಕಂಬಳಿಯ ಕಾರ್ಖಾನೆಯೂ ನಡೆಯುತ್ತಿದ್ದುವು. 1864ರಲ್ಲಿ ಸರ್ಕಾರವು ಅವುಗಳನ್ನು ನಿಲ್ಲಿಸಿದರೂ ಕಲಿತ ಕೈಗಳು ಊರಿನಲ್ಲಿ ಉಳಿದುವು. ಕಂಬಳಿಯು ನಮ್ಮಲ್ಲಿ ಬರಿಯ ಹೊದಿಕೆಯೂ ಅಲ್ಲ. ಅದನ್ನು ಮಡಿಸಿ ಹಾಸಿದರೆ ಗದ್ದುಗೆಯಾಗುವುದು. ಕಲಶವನ್ನಿಡುವುದೂ ಹಿರಿಯರನ್ನು ಕುಳ್ಳಿರಿಸುವುದೂ ಅದರ ಮೇಲೆ. ಕರಿಯ ಬಣ್ಣವು ನಮಗೆ ಅಮಂಗಲ, ಆದಕಾರಣ ಕರಿಯ ಗೌನು ನಮ್ಮ ಸಂಸ್ಕೃತಿಗೆ ಹೊರಗು ಎಂದು ವಾದಿಸುವವರು ಕಂಬಳಿಯ ಗದ್ದುಗೆಯನ್ನು ಕಾಣದವರೆಂದೇ ಹೇಳಬೇಕಾಗಿದೆ.

ಹಾಗಾದರೆ ಗೌನಿನಲ್ಲಿ ನಮಗೆ ಪರಕೀಯವಾದುದು ಯಾವುದು? ಅದರ ಬಟ್ಟೆಯಲ್ಲ, ಬಣ್ಣವಲ್ಲ. ಅದು ಹೇಳುವ ಮಾತು. ಯೂರೋಪಿನ ವಿದ್ಯಾಸಂಘವು ಕಸುಬಿನವರ ಸಂಘದಂತೆ ಏರ್ಪಟ್ಟಿತ್ತು. ಪದವಿಯೆಂದರೆ ಆ ಸಂಘದ ಒಳಕ್ಕೆ ಪ್ರವೇಶ. ಹೊಸ ಪದವಿಗೆ ಹೊಸ ಗೌನು, ಹೊಸ ಹುಡ್. ಅವನ್ನು ತೊಟ್ಟವನು ಅಂದಿನಿಂದ ಬೋಧಿಸಲು ಅಧಿಕಾರಿ, ಅಂದಿನಿಂದ ಒಳಗಿನವನು.

ಗೃಹ್ಯಸೂತ್ರಗಳು ವಿವರಿಸುವ ಸಮಾವರ್ತನದಲ್ಲಿ ಇದಕ್ಕೆ ತೀರ ವಿರುದ್ಧವಾದುದು ನಡೆಯುತ್ತದೆ. ಬ್ರಹ್ಮಚಾರಿಯು ಮೇಖಲೆ, ಅಜಿನ ಮೊದಲಾದ ವಿದ್ಯಾರ್ಥಿಯ ಗುರುತುಗಳನ್ನು ಕಳಚುತ್ತಾನೆ, ಸ್ನಾನಮಾಡುತ್ತಾನೆ, ಹೊಸ ಬಟ್ಟೆಯನ್ನುಡುತ್ತಾನೆ, ತಲೆಗೆ ಉಷ್ಣೀಷ, ಕಿವಿಗೆ ಕುಂಡಲ, ಕಣ್ಣಿಗೆ ಅಂಜನ, ಕಾಲಿಗೆ ಪಾದರಕ್ಷೆ, ಕೈಗೆ ಕೊಡೆ ಮತ್ತು ಕೋಲು. ಇವುಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ಅವನಿಗೆ ನಿಷಿದ್ಧವಾಗಿದ್ದ ಅಥವಾ ಅನಗತ್ಯವಾಗಿದ್ದ ವಸ್ತುಗಳು, ಗೃಹಸ್ಥನ ವಸ್ತುಗಳು, ಕೊಡೆ, ಕೋಲು, ಕೆರಗಳಂತೂ ಸ್ಪಷ್ಟವಾಗಿ ದಾರಿಹೋಕನವು. ಸಮಾವರ್ತನವೆಂಬ ಪದಕ್ಕೆ ಹಿಂದಿರುಗುವುದೆಂದೇ ಅರ್ಥ. ಗುರುಕುಲದಿಂದ ಮನೆಗೆ ಹೊರಟವನಿಗೆ ಮಾಡುವ ಸಂಸ್ಕಾರವದು. ಗೌನು ‘ಒಳಕ್ಕೆ ಬಾ’ ಎನ್ನುತ್ತದೆ. ಉಷ್ಣೀಷವು ‘ಹೋಗಿ ಬಾ’ ಎನ್ನುತ್ತದೆ. ನಾವು ವಿದ್ಯಾರ್ಥಿಯನ್ನು ಸ್ನಾತಕನೆಂದು ಕರೆದು ಹೊರಕ್ಕೆ ಕಳುಹಿಸುವ ಗಳಿಗೆಯಲ್ಲಿಯೇ ಒಳಕ್ಕೆ ಬರುವವನ ಅಂಗಿಯನ್ನು ಅವನಿಗೆ ತೊಡಿಸುತ್ತೇವೆ.

ಘಟಿಕೆಯ ಮಾತು ಬೇರೆ. ಅದು ವಿದ್ವತ್ಸಭೆ ಅಥವಾ ವಿದ್ಯಾಸ್ಥಾನ. ಆ ಪದದ ನಿಷ್ಪತ್ತಿಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತಾಳಗುಂದದ ಶಾಸನದಲ್ಲಿ ಮಯೂರಶರ್ಮನು ಕಂಚಿಯ ಘಟಿಕೆಯನ್ನು ಸೇರಿದ ಕಥೆ ಎಲ್ಲರಿಗೂ ತಿಳಿದದ್ದು. ಆ ಶಾಸನದ ಕವಿಯು ವಿದ್ಯಾರ್ಥಿಯನ್ನು ಉಡುಪಿನಿಂದ ಗುರುತಿಸದೆ ಕೈಯಿಂದ ಗುರುತಿಸುತ್ತಾನೆ: ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಿಂದ ಆತನು ಕತ್ತಿಯನ್ನೆಳೆದನೆಂಬುದು ಅಲ್ಲಿಯ ಚಿತ್ರ. 1058ರ ನಾಗಾವಿಯ ಶಾಸನದಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ 50 ಮಂದಿ ವಿದ್ಯಾರ್ಥಿಗಳ ಲೆಕ್ಕವಿದೆ, ಸರಸ್ವತೀ ಭಂಡಾರದ ಪಾಲಕರ ಲೆಕ್ಕವೂ ಇದೆ. ಘಟಿಕೋತ್ಸವವೆಂಬ ನಮ್ಮ ಪದವು ಈ ವಿದ್ಯಾಸ್ಥಾನಗಳಿಂದ ಹೆಸರನ್ನು ಪಡೆಯಿತೇ ಹೊರತು ಆಚರಣೆಯನ್ನು ಪಡೆಯಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರು ಹಳೆಯದೆಂದ ಮಾತ್ರಕ್ಕೆ ಆಚರಣೆಯೂ ಹಳೆಯದೆಂದು ಭ್ರಮಿಸಬಾರದು.

ಗೌನು ನಮ್ಮ ದೇಶಕ್ಕೆ ಬಂದ ಬಗೆಯಲ್ಲಿಯೂ ಒಂದು ವಿಶೇಷವಿದೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಆಕ್ಸ್‌ಫರ್ಡಿನ ಮಾದರಿಯವಲ್ಲ; 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಅವು ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುತ್ತಿದ್ದುವು. ಪಾಠವು ದೂರದ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಆದುದರಿಂದ ಗೌನು ನಮ್ಮನ್ನು ಮುಟ್ಟುವಷ್ಟರಲ್ಲಿಯೇ ತನ್ನ ನಿತ್ಯಜೀವನವನ್ನು ಕಳೆದುಕೊಂಡಿತ್ತು. ಊಟದ ಮನೆಯಲ್ಲಿ, ಪಾಠದ ಕೋಣೆಯಲ್ಲಿ, ಬೀದಿಯಲ್ಲಿ ದಿನವೂ ತೊಟ್ಟು ಸವೆಸಿದ ಅಂಗಿಯಾಗಿ ಬರದೆ, ಪೆಟ್ಟಿಗೆಯಿಂದ ವರ್ಷಕ್ಕೊಮ್ಮೆ ತೆಗೆಯುವ ಅಂಗಿಯಾಗಿ ಅದು ಬಂದಿತು. ನಮ್ಮ ತಾಲ್ಲೂಕು ಕೇಂದ್ರಗಳ ಜನರು ಕರಿಯ ಗೌನನ್ನು ದಿನಬಳಕೆಯಲ್ಲಿ ಕಂಡದ್ದು ವಿದ್ವಾಂಸರ ಮೇಲಲ್ಲ, ನ್ಯಾಯಾಲಯದ ಆವರಣದಲ್ಲಿ ವಕೀಲರ ಮೇಲೆ. ವ್ಯಾಜ್ಯದ ಭಯಕ್ಕೂ ವಿದ್ಯೆಯ ಗೌರವಕ್ಕೂ ಒಂದೇ ಅಂಗಿ ಗುರುತಾದುದು ಒಂದು ವಿನೋದವೇ ಸರಿ.

1916ರ ವರೆಗೆ ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಆ ವರ್ಷದ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. 1918ರ ಮೊದಲ ಘಟಿಕೋತ್ಸವದಲ್ಲಿ ಕಲ್ಕತ್ತದ ಸರ್ ಆಶುತೋಷ ಮುಖರ್ಜಿಯವರು ಭಾಷಣ ಮಾಡಿದರು. ಮದರಾಸಿನ ರೂಢಿಯು ಹೊಸ ವಿಶ್ವವಿದ್ಯಾನಿಲಯದಲ್ಲಿಯೂ ಮುಂದುವರಿಯಿತು. ಆದರೆ ಪೂರ್ತಿಯಾಗಿ ಅಲ್ಲ. ಆ ಕಾಲದ ಪದವೀಧರರ ಛಾಯಾಚಿತ್ರಗಳಲ್ಲಿ ಗೌನಿನ ಮೇಲೆ ಚೌಕದ ಟೋಪಿಗೆ ಬದಲಾಗಿ ಪೇಟವಿರುವುದನ್ನು ಗಮನಿಸಬೇಕು. ಮೈಯನ್ನು ಆಂಗ್ಲ ಪದ್ಧತಿಗೆ ಬಿಟ್ಟುಕೊಟ್ಟವರು ತಲೆಯನ್ನು ಬಿಟ್ಟುಕೊಡಲಿಲ್ಲ. ಗೌರವವು ತಲೆಯಲ್ಲಿದೆಯೆಂದು ನಂಬುವ ಜನರಿಗೆ ಇದು ಸಹಜವಾಗಿಯೇ ತೋರಿರಬೇಕು. ಬಿ. ಎಂ. ಶ್ರೀಕಂಠಯ್ಯನವರ, ಎಂ. ಹಿರಿಯಣ್ಣನವರ ಪರಿಚಿತ ಭಾವಚಿತ್ರಗಳಲ್ಲಿ ಕಾಣುವ ಪೇಟವೂ ಇದೇ ಪರಂಪರೆಯದು: ಒಂದು ಕಡೆ ಅರಮನೆ, ಮತ್ತೊಂದು ಕಡೆ ಉಷ್ಣೀಷ. ಸ್ನಾತಕನ ಮಾತನ್ನು ತಲೆಯ ಮೇಲೆ, ಸಂಘದ ಮಾತನ್ನು ಭುಜದ ಮೇಲೆ ಹೊತ್ತ ಆ ಪದವೀಧರರು, ತಿಳಿದೋ ತಿಳಿಯದೆಯೋ, ಎರಡು ಅರ್ಥಗಳನ್ನೂ ಒಂದೇ ದೇಹದಲ್ಲಿ ಒಪ್ಪಿಸಿದ್ದರು. ಮುಂದೆ ನಿತ್ಯದ ಉಡುಪಿನಿಂದ ಪೇಟವು ಮರೆಯಾದಾಗ ಆ ಒಪ್ಪಂದವೂ ಮುರಿಯಿತು. ಈಗ ಪೇಟವು ಸನ್ಮಾನಸಭೆಗಳಲ್ಲಿ ಅತಿಥಿಗಳಿಗೆ ತೊಡಿಸುವ ವಸ್ತುವಾಗಿದೆ.

ಅದೇ 1916ರಲ್ಲಿ ಸ್ಥಾಪಿತವಾದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೂ ಮೊದಲ ಕುಲಾಧಿಪತಿಗಳಾಗಿದ್ದವರು ನಾಲ್ವಡಿಯವರೇ. ಅಲ್ಲಿ ಈಗ ಪದವೀಧರರು ಬಿಳಿಯ ಉಡುಪಿನ ಮೇಲೆ ಉತ್ತರೀಯವನ್ನು ಹೊದೆದು ಪಾಗು ಸುತ್ತಿ ಪದವಿಯನ್ನು ಪಡೆಯುತ್ತಾರೆ. ಶಾಂತಿನಿಕೇತನದಲ್ಲಿ ಪದವೀಧರನ ಕೈಗೆ ಸಪ್ತಪರ್ಣಿಯ ಎಲೆಯನ್ನು ಕೊಡುವ ಪದ್ಧತಿಯಿದೆ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ತನ್ನ ಘಟಿಕೋತ್ಸವವನ್ನು ನುಡಿಹಬ್ಬವೆಂದು ಕರೆದು ಹೆಸರನ್ನೇ ಬದಲಾಯಿಸಿತು. ಬೇರೆ ದಾರಿಗಳು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಈಗ ಚರ್ಚೆಯ ಕಡೆಗೆ ಬರೋಣ. 2010ರ ಏಪ್ರಿಲಿನಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶರು ವೇದಿಕೆಯ ಮೇಲೆಯೇ ಗೌನನ್ನು ತೆಗೆದುಹಾಕಿ, ಅದು ವಸಾಹತು ಕಾಲದ ಅನಾಗರಿಕ ಅವಶೇಷವೆಂದರು. 2019ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆಯನ್ನು ಬಳಸುವಂತೆ ಸೂಚಿಸಿತು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತನ್ನ ವೈದ್ಯವಿದ್ಯಾಸಂಸ್ಥೆಗಳಿಗೆ ಕರಿಯ ನಿಲುವಂಗಿ ಮತ್ತು ಟೋಪಿಗಳನ್ನು ಬಿಟ್ಟು ಆಯಾ ರಾಜ್ಯದ ಪರಂಪರೆಗೆ ಒಪ್ಪುವ ಉಡುಪನ್ನು ರೂಪಿಸುವಂತೆ ತಿಳಿಸಿತು. ಇವುಗಳಲ್ಲಿ ಕೈಮಗ್ಗದ ಸೂಚನೆಯು ನೇಯುವವನ ಹೊಟ್ಟೆಗೆ ಸಂಬಂಧಿಸಿದುದು; ಅದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಮಿಕ್ಕ ವಾದಗಳಲ್ಲಿಯೂ ಅರ್ಧ ನಿಜವಿದೆ. ಮೈಸೂರಿನ ಸೆಕೆಯಲ್ಲಿ ಉತ್ತರ ಯೂರೋಪಿನ ಚಳಿಗೆ ಹೊಲಿದ ಅಂಗಿ ಒಪ್ಪುವುದಿಲ್ಲವೆಂಬುದಕ್ಕೆ ಸಾಕ್ಷಿ ಬೇಕಾಗಿಲ್ಲ.

ಆದರೆ ‘ನಮ್ಮ ಪರಂಪರೆಯ ಉಡುಪು’ ಎಂದಾಗ ‘ನಮ್ಮ’ ಎಂಬ ಮಾತಿನಲ್ಲಿ ಯಾರು ಸೇರುತ್ತಾರೆ ಎಂಬ ಪ್ರಶ್ನೆಯನ್ನು ಕೇಳದೆ ಇರುವಂತಿಲ್ಲ. ಸಮಾವರ್ತನವು ಉಪನಯನವಾದವರ ಸಂಸ್ಕಾರ. ಅದರಲ್ಲಿ ಹೆಂಗಸರಿಗೆ ಸ್ಥಾನವಿರಲಿಲ್ಲ. ಬಹುಸಂಖ್ಯಾತರಾದ ಗಂಡಸರಿಗೂ ಇರಲಿಲ್ಲ. ಜರಿಯ ಪೇಟಕ್ಕೆ ದರ್ಬಾರಿನ ಅಂತಸ್ತಿತ್ತು. ತಲೆಗೆ ಏನನ್ನು ಸುತ್ತಬಹುದು, ಹೆಗಲಮೇಲೆ ಏನನ್ನು ಹೊದೆಯಬಹುದು, ಯಾವ ಬೀದಿಯಲ್ಲಿ ಕೆರವನ್ನು ಮೆಟ್ಟಬಹುದು ಎಂಬುದನ್ನೆಲ್ಲ ಜಾತಿಯು ನಿರ್ಣಯಿಸುತ್ತಿದ್ದ ಸಮಾಜದಲ್ಲಿ ಸ್ನಾತಕನ ಉಷ್ಣೀಷ, ಕೊಡೆ, ಪಾದರಕ್ಷೆಗಳು ಎಲ್ಲರಿಗೂ ಒಂದೇ ಬಗೆಯ ನೆನಪನ್ನು ತರಲಾರವು. ಹೆಗ್ಗಡದೇವನಕೋಟೆಯ ಹಾಡಿಯಿಂದ ಬಂದ ಜೇನುಕುರುಬರ ಹುಡುಗಿಯೊಬ್ಬಳು ಆಶ್ರಮಶಾಲೆಯಲ್ಲಿ ಓದಿ, ವಿದ್ಯಾರ್ಥಿನಿಲಯದಲ್ಲಿದ್ದು, ಮೈಸೂರಿನಲ್ಲಿ ಪದವಿಯನ್ನು ಪಡೆಯುವಳೆಂದು ಭಾವಿಸೋಣ. ಆಕೆಗೆ ಉತ್ತರೀಯವು ಗೌನಿಗಿಂತ ಹೆಚ್ಚು ಸ್ವಂತದ್ದೆಂದು ಯಾವ ಆಧಾರದ ಮೇಲೆ ಹೇಳುವುದು? ಗೌನು ಆಕೆಗೆ ಪರಕೀಯವೇ. ಆದರೆ ಅದು ಎಲ್ಲರಿಗೂ ಸಮಾನವಾಗಿ ಪರಕೀಯ. ಪಕ್ಕದಲ್ಲಿ ನಿಂತ ಅಗ್ರಹಾರದ ಹುಡುಗನಿಗೂ ಅದು ತಾತನಿಂದ ಬಂದದ್ದಲ್ಲ. ಒಳಗಿನ ಸೀರೆಯ ಬೆಲೆಯನ್ನು ಮುಚ್ಚುವ ಗುಣವೂ ಅದಕ್ಕಿದೆ. 1952ರ ಜೂನ್ 5ರಂದು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಗೌರವ ಡಾಕ್ಟರೇಟನ್ನು ಪಡೆದ ಅಂಬೇಡ್ಕರರ ಗೌನು ತೊಟ್ಟ ಚಿತ್ರವನ್ನು ಗೋಡೆಗೆ ಹಾಕಿದವರು ಅದರಲ್ಲಿ ದಾಸ್ಯವನ್ನು ಕಾಣುವುದಿಲ್ಲ. ವಸಾಹತಿನ ಅವಶೇಷವೆಂಬ ಮಾತು ಚರಿತ್ರೆಯ ದೃಷ್ಟಿಯಿಂದ ಸರಿಯಾಗಿದ್ದರೂ ಈ ಅನುಭವಕ್ಕೆ ಉತ್ತರವಾಗಲಾರದು.

ಇಷ್ಟು ಹೇಳಿದ ಮೇಲೆ ಗೌನಿನ ಪಕ್ಷದವರು ಗೆದ್ದೆವೆಂದು ಕೊಳ್ಳಬಾರದು. ಅವರ ಕಡೆಯ ಕೊರತೆಯನ್ನು ಕಾಣುವುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಬೇಕು. 1419ರಲ್ಲಿ ಲಾಸಾದ ಬಳಿ ಸ್ಥಾಪಿತವಾದ ಸೆರಾ ಮಹಾವಿಹಾರವು ಟಿಬೆಟ್ಟಿನ ನಿರಾಶ್ರಿತರೊಡನೆ ಬಂದು 1970ರಲ್ಲಿ ಇಲ್ಲಿ ಮತ್ತೆ ನೆಲೆಗೊಂಡಿತು. ಅಲ್ಲಿಯ ಗೆಶೆ ಪದವಿಗೆ ಪ್ರಮಾಣ, ಪ್ರಜ್ಞಾಪಾರಮಿತೆ, ಮಾಧ್ಯಮಕ, ಅಭಿಧರ್ಮ, ವಿನಯ ಎಂಬ ಐದು ವಿಷಯಗಳನ್ನು ಹದಿನೈದು ಇಪ್ಪತ್ತು ವರ್ಷಗಳ ಕಾಲ ಓದಬೇಕು; ಓದಿದುದನ್ನು ವಾದದಲ್ಲಿ ನಿಲ್ಲಿಸಬೇಕು. ಪ್ರಶ್ನೆ ಕೇಳುವವನು ನಿಂತು ಕೈಚಪ್ಪಾಳೆ ತಟ್ಟುವನು. ದೊಡ್ಡ ಸಭೆಗಳಲ್ಲಿ ಉತ್ತರ ಹೇಳುವವನು ಹಳದಿಯ ಟೋಪಿಯನ್ನು ಧರಿಸಿ ಕುಳಿತಿರುವನು. ಪ್ರಾರ್ಥನಾಸಭೆಗೆ ಎಲ್ಲರೂ ಹೊದೆಯುವ ದಗಮ್ ಎಂಬ ಕಡುಗೆಂಪಿನ ದಪ್ಪ ಉಣ್ಣೆಯ ಮೇಲಂಗಿಯು ಮತ್ತೊಂದು ಕಂಬಳಿಯೇ. ಹೊಸದಾಗಿ ಸೇರಿದ ಬಾಲಭಿಕ್ಷುವಿಗೂ ಗೆಶೆಗೂ ನಿತ್ಯದ ಉಡುಪಿನಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಪದವಿಯ ದಿನಕ್ಕಾಗಿ ಬಾಡಿಗೆಗೆ ತರುವ ಅಂಗಿ ಅಲ್ಲಿಲ್ಲ. ಅಲ್ಲಿಯೂ ಹೊರಗೆ ನಿಲ್ಲಿಸಲ್ಪಟ್ಟವರಿದ್ದರು: ಭಿಕ್ಷುಣಿಯರಿಗೆ ಗೆಶೆಮಾ ಪದವಿಯು ಮೊದಲು ದೊರೆತದ್ದು 2016ರಲ್ಲಿ, ಮುಂಡಗೋಡಿನಲ್ಲಿ, ಇಪ್ಪತ್ತು ಮಂದಿಗೆ. ಆದರೂ ಉಡುಪು, ವಿದ್ಯೆ, ಜೀವನಕ್ರಮಗಳು ಒಂದನ್ನೊಂದು ಬಿಡದೆ ಇರುವ ವಿದ್ಯಾಪೀಠವನ್ನು ಹುಣಸೂರಿನಿಂದ ಮಡಿಕೇರಿಯ ದಾರಿಯಲ್ಲಿ ಇಂದಿಗೂ ಕಾಣಬಹುದು. ಹದಿಮೂರನೆಯ ಶತಮಾನದ ಆಕ್ಸ್‌ಫರ್ಡನ್ನು ಊಹಿಸಿಕೊಳ್ಳುವುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ಕ್ರಾಫರ್ಡ್ ಭವನಕ್ಕಿಂತ ಬೈಲಕುಪ್ಪೆಯೇ ಹೆಚ್ಚು ನೆರವಾದೀತು.

ಅದರೊಡನೆ ಹೋಲಿಸಿದರೆ ನಮ್ಮ ಗೌನು ಒಂದು ಗಂಟೆಯ ವೇಷ. ಎಷ್ಟೋ ಮಂದಿಗೆ ಅದೂ ಇಲ್ಲ. ಸಮಾರಂಭಕ್ಕೆ ಹೋಗದೆ ಗೈರುಹಾಜರಿಯಲ್ಲಿ ಪದವಿಪತ್ರವನ್ನು ತರಿಸಿಕೊಳ್ಳುವವರೇ ಬಹಳ. ಈಚೆಗೆ ಶಿಶುವಿಹಾರಗಳಲ್ಲಿಯೂ ಐದಾರು ವರ್ಷದ ಮಕ್ಕಳಿಗೆ ಗೌನು, ಚೌಕದ ಟೋಪಿಗಳನ್ನು ತೊಡಿಸಿ ಪದವಿಯ ಆಟವಾಡಿಸುತ್ತಾರೆ. ಸಂಘದ ಒಳಕ್ಕೆ ಪ್ರವೇಶವೆಂಬ ಮೂಲಾರ್ಥಕ್ಕೆ ಇದಕ್ಕಿಂತ ಹೆಚ್ಚಿನ ಅಪಹಾಸ್ಯ ಬೇಕಿಲ್ಲ. ಬಟ್ಟೆಯನ್ನು ಬದಲಾಯಿಸಿದ ಮಾತ್ರಕ್ಕೆ ಈ ಕೊರತೆ ನೀಗುವುದೂ ಇಲ್ಲ. ಬಾಡಿಗೆಯ ಉತ್ತರೀಯವು ಬಾಡಿಗೆಯ ಗೌನಿಗಿಂತ ಸ್ವದೇಶಿಯಾಗಬಹುದು, ಹೆಚ್ಚು ಅರ್ಥವುಳ್ಳದ್ದಾಗಲಾರದು.

ಆದರೂ ಗೌನಿಗೆ ನಮ್ಮ ಸೀಮೆಯಲ್ಲಿ ಒಂದು ಅರ್ಥವು ಹುಟ್ಟಿಕೊಂಡಿದೆ. ಅದು ವಿಶ್ವವಿದ್ಯಾನಿಲಯವು ಕೊಟ್ಟ ಅರ್ಥವಲ್ಲ. ಪಟ್ಟಣದ ಛಾಯಾಚಿತ್ರಶಾಲೆಗಳಲ್ಲಿ ಒಂದು ಗೌನು, ಒಂದು ಟೋಪಿ, ಸುರುಳಿ ಸುತ್ತಿದ ಒಂದು ಕಾಗದ ಗೂಟಕ್ಕೆ ತೂಗುತ್ತಿರುತ್ತವೆ. ಸಮಾರಂಭಕ್ಕೆ ಹೋಗಲಾರದವನೂ ಅಲ್ಲಿ ಹೋಗಿ ಅದನ್ನು ತೊಟ್ಟು ಪಟ ತೆಗೆಸಿಕೊಳ್ಳುವನು. ಆ ಪಟವು ಊರಿಗೆ ಬಂದು, ಜಂತೆಯ ಕೆಳಗೆ, ದೇವರ ಪಟಗಳ ಸಾಲಿನಲ್ಲಿ, ತೀರಿಕೊಂಡ ಹಿರಿಯರ ಪಕ್ಕದಲ್ಲಿ ತೂಗುತ್ತದೆ. ಬಂದ ನೆಂಟರಿಗೆ ತಾಯಿ ಅದನ್ನು ತೋರಿಸುವಳು. ಇದು ಸಮಾವರ್ತನವಲ್ಲದೆ ಬೇರೇನು? ಗೌನು ಮೈಸೂರಿನಲ್ಲಿ ಒಳಕ್ಕೆ ಬರುವವನ ಅಂಗಿಯಾಗಿದ್ದು, ಹಳ್ಳಿಯ ಗೋಡೆಯ ಮೇಲೆ ಮನೆಗೆ ಹಿಂದಿರುಗಿದವನ ಅಂಗಿಯಾಗುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಪದವಿಯನ್ನು ಪಡೆದು ಊರಿಗೆ ಹಿಂದಿರುಗಿ ಬೇಸಾಯ ಹಿಡಿದು, ಅಲ್ಲಿಂದ 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೋದವರು. ಹಿಂದಿರುಗುವುದೆಂದರೆ ಹಿಂದೆ ಬೀಳುವುದೆಂದು ಎಣಿಸದಿದ್ದ ಕಾಲವದು. ಇಂದು ಪಟ ಮಾತ್ರ ಹಿಂದಿರುಗಿ, ಪಟದಲ್ಲಿರುವವನು ಬೆಂಗಳೂರಿನಲ್ಲಿಯೇ ಉಳಿಯುವುದುಂಟು. ಆಗ ಆ ಅಂಗಿಯ ಅರ್ಥವು ಮತ್ತೊಮ್ಮೆ ಬದಲಾಗುತ್ತದೆ.

ಉಡುಪಿನ ನಿಯಮಗಳನ್ನು ರಚಿಸುವ ಸಮಿತಿಗಳು ನೋಡಬೇಕಾದದ್ದು ಈ ಗೋಡೆಗಳನ್ನು. ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಇಂಥ ಪಟಗಳು ಎಷ್ಟೋ ಇರುವುವು. ಹಳೆಯವು ಗೆದ್ದಲು ಹಿಡಿದು ಹಾಳಾಗುತ್ತಿವೆ. ಈ ಭಾಗದ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ, ಮನೆಯವರ ಒಪ್ಪಿಗೆ ಪಡೆದು, ಅವುಗಳ ಪ್ರತಿಗಳನ್ನು ಸಂಗ್ರಹಿಸಬಹುದು. ಪ್ರತಿಯೊಂದರ ಜೊತೆಗೆ ಪದವಿಯ ವರ್ಷ, ಪಟವನ್ನು ತೆಗೆದ ಊರು, ಗೌನು ಯಾರದು, ಹುಡ್ಡಿನ ಒಳಬಟ್ಟೆಯ ಬಣ್ಣವೇನು, ತಲೆಯ ಮೇಲಿರುವುದು ಪೇಟವೋ ಟೋಪಿಯೋ ಅಥವಾ ಬರಿದಲೆಯೋ, ಹೆಂಗಸರಾದರೆ ಸೆರಗು ಗೌನಿನ ಒಳಗಿದೆಯೋ ಹೊರಗಿದೆಯೋ, ಪಟವನ್ನು ಮನೆಯಲ್ಲಿ ಯಾವ ಎಡೆಯಲ್ಲಿ ತೂಗುಹಾಕಿದ್ದಾರೆ ಎಂಬಿಷ್ಟನ್ನು ಬರೆದುಕೊಳ್ಳತಕ್ಕದ್ದು. ಪೇಟವು ಯಾವ ದಶಕದಲ್ಲಿ ಮರೆಯಾಯಿತು, ಟೋಪಿಯು ಯಾವಾಗ ಬಂದಿತು ಎಂಬುದು ಆಗ ಊಹೆಯ ಮಾತಾಗಿ ಉಳಿಯುವುದಿಲ್ಲ.